ಪಿಂಗಾಣಿಗೆ ಹೆಸರು ಬಂದ ಬಗೆ



ಮನೆಗೆ ಅತಿಥಿಗಳು ಬಂದಾಗ ಗೃಹಿಣಿಯರು ಬೀರುವಿನಿಂದ ಜೋಪಾನವಾಗಿ ಹೊರತೆಗೆಯುವ ಬಿಳಿಯ ಬಟ್ಟಲುಗಳನ್ನು ಕನ್ನಡದಲ್ಲಿ ಪಿಂಗಾಣಿಯೆನ್ನುತ್ತೇವೆ. ಆಂಗ್ಲರು ಅದನ್ನೇ 'ಚೈನಾ' ಎನ್ನುತ್ತಾರೆ. 'ಪೋರ್ಸಲೇನ್' ಎಂಬುದೂ ಅದರ ಇನ್ನೊಂದು ಹೆಸರು. ವಸ್ತು ಒಂದೇ ಆದರೂ ನಾಮಗಳು ಮೂರಾದುದೇಕೆ ಎಂಬುದನ್ನು ಈ ಸಂಚಿಕೆಯಲ್ಲಿ ವಿಚಾರಿಸೋಣ.

ಮೊದಲು ವಸ್ತುವನ್ನು ಅರಿಯಬೇಕು. ಇದರ ತವರು ಚೀನ ದೇಶ. ಅಲ್ಲಿನ ಜಿಂಗ್‌ಡೆಝೆನ್ ಪಟ್ಟಣವು ಶತಮಾನಗಳಿಂದ ಈ ಕಸುಬಿಗೆ ಪ್ರಸಿದ್ಧವಾಗಿದೆ. ಸಮೀಪದ ಗಾವೊಲಿಂಗ್ ಎಂಬಲ್ಲಿ ದೊರೆಯುತ್ತಿದ್ದ ಬಿಳಿಯ ಜೇಡಿಮಣ್ಣಿಗೆ ಆ ಸ್ಥಳದಿಂದಲೇ 'ಕೇಓಲಿನ್' ಎಂಬ ಹೆಸರು ಬಂದಿತು. ಈ ಮಣ್ಣಿಗೆ ಒಂದು ಬಗೆಯ ಕಲ್ಲಿನ ಪುಡಿಯನ್ನು ಬೆರೆಸಿ, ಸುಮಾರು 1300 ಡಿಗ್ರಿ ಸೆಲ್ಸಿಯಸ್ ಉಷ್ಣದಲ್ಲಿ ಸುಟ್ಟರೆ ಅದು ಗಾಜಿನಂತೆ ಬಿಗಿಯುತ್ತದೆ. ತೆಳುವಾದ ಬಟ್ಟಲನ್ನು ಬೆಳಕಿಗೆ ಹಿಡಿದರೆ ಬೆಳಕು ಒಳಗಿನಿಂದ ತೋರುತ್ತದೆ. ಬೆರಳಿನಿಂದ ತಟ್ಟಿದರೆ ಗಂಟೆಯಂತೆ ನಾದಗೈಯುತ್ತದೆ.

ಪರ್ಷಿಯದ ವರ್ತಕರು ಈ ಪಾತ್ರೆಗಳನ್ನು 'ಚೀನೀ', ಅಂದರೆ ಚೀನದ್ದು, ಎಂದು ಕರೆದರು. 17ನೆಯ ಶತಮಾನದಲ್ಲಿ ಸಮುದ್ರ ವ್ಯಾಪಾರ ಬೆಳೆದಂತೆ ಇಂಗ್ಲೆಂಡಿನ ಮನೆಗಳಲ್ಲಿಯೂ 'ಚೈನಾ ವೇರ್' ಎಂಬ ಮಾತು ರೂಢಿಯಾಯಿತು. ಕಾಲಕ್ರಮದಲ್ಲಿ 'ವೇರ್' ಎಂಬುದು ಕಳಚಿಹೋಗಿ ದೇಶದ ಹೆಸರೇ ಪಾತ್ರೆಯ ಹೆಸರಾಗಿ ಉಳಿಯಿತು. ವಿಶೇಷವೇನೆಂದರೆ, ಚೀನೀಯರು ತಮ್ಮ ನಾಡನ್ನು ಹೀಗೆ ಕರೆದುಕೊಳ್ಳುವುದೇ ಇಲ್ಲ. ಅವರಿಗೆ ಅದು 'ಝೋಂಗ್‌ಗುವೊ'. 'ಚೀನ' ಎಂಬುದು ನಮ್ಮ ಸಂಸ್ಕೃತದಲ್ಲಿ ಬಹು ಹಿಂದಿನಿಂದ ಇರುವ ಶಬ್ದ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಚೀನಪಟ್ಟ, ಅಂದರೆ ಚೀನದ ರೇಷ್ಮೆಯ ಉಲ್ಲೇಖವಿದೆ. ಆ ಶಬ್ದವೇ ಪಾರಸಿಯ ಮೂಲಕ ಪಶ್ಚಿಮಕ್ಕೆ ಸಾಗಿತೆಂದು ವಿದ್ವಾಂಸರು ಹೇಳುತ್ತಾರೆ.

ಇಟಲಿಯವರು ನೋಡಿದ್ದು ಊರನ್ನಲ್ಲ, ಹೊಳಪನ್ನು. ಕವಡೆಗೆ ಅವರ ಭಾಷೆಯಲ್ಲಿ 'ಪೋರ್ಚೆಲ್ಲಾನ' ಎನ್ನುತ್ತಾರೆ. ಕವಡೆಯಂತೆ ನುಣುಪಾಗಿ ಮಿರುಗುವ ಈ ಪಾತ್ರೆಗೂ ಅದೇ ಹೆಸರನ್ನಿಟ್ಟರು. 'ಪೋರ್ಸಲೇನ್' ಆದದ್ದು ಅದರಿಂದಲೇ.

ಇನ್ನು ನಮ್ಮ 'ಪಿಂಗಾಣಿ'. ಪಾರಸಿಯಲ್ಲಿ 'ಪಿಂಗಾನ್' ಎಂದರೆ ಬಟ್ಟಲು. ತಳದಲ್ಲಿ ಸಣ್ಣ ರಂಧ್ರವಿದ್ದು, ನೀರಿನ ಮೇಲೆ ತೇಲಿಬಿಟ್ಟು ಕಾಲವನ್ನಳೆಯುತ್ತಿದ್ದ ಬಟ್ಟಲಿಗೂ ಅದೇ ಹೆಸರು; ನಮ್ಮ ಹಿರಿಯರ ಗಳಿಗೆಬಟ್ಟಲು ಇದಕ್ಕೆ ಸಮಾನ. 'ಪ'ಕಾರವಿಲ್ಲದ ಅರಬ್ಬಿಯಲ್ಲಿ ಇದು 'ಫಿಂಜಾನ್' ಆಯಿತು. ಅರಬ್ಬರು ಇಂದಿಗೂ ಕಾಫಿ ಕುಡಿಯುವುದು ಫಿಂಜಾನಿನಲ್ಲಿ. ಬಟ್ಟಲಿನ ಹೆಸರು ನಮ್ಮಲ್ಲಿಗೆ ಬಂದು, ಬಟ್ಟಲಿನ ದ್ರವ್ಯಕ್ಕೇ ಹೆಸರಾಗಿ ನಿಂತಿತು. ವಸ್ತುವೂ ನಮಗೆ ಹೊಸದಲ್ಲ. ಹಂಪೆಯ ಉತ್ಖನನಗಳಲ್ಲಿ ಚೀನದ ಪಿಂಗಾಣಿಯ ಚೂರುಗಳು ದೊರೆತಿವೆ.

ಇದರಿಂದ ನಾವು ತಿಳಿಯಬೇಕಾದುದೇನು? ಹೆಸರು ವಸ್ತುವಿನ ಗುಣಕ್ಕಿಂತ ಹೆಚ್ಚಾಗಿ ಹೆಸರಿಟ್ಟವನ ದೃಷ್ಟಿಯನ್ನು ಹೇಳುತ್ತದೆ. ಒಬ್ಬನು ಊರನ್ನು ಕಂಡ, ಒಬ್ಬನು ಹೊಳಪನ್ನು ಕಂಡ, ಒಬ್ಬನು ಉಪಯೋಗವನ್ನು ಕಂಡ. ಜರ್ಮನಿಯ ಮೈಸೆನ್ನಿನಲ್ಲಿ 1710ರಲ್ಲಿ ಕಾರ್ಖಾನೆ ಆರಂಭವಾಗಿ ಯುರೋಪಿನಲ್ಲಿಯೇ ಪಿಂಗಾಣಿ ತಯಾರಾಗತೊಡಗಿದರೂ ಆಂಗ್ಲರ ಬಾಯಲ್ಲಿ ಅದು 'ಚೈನಾ' ಆಗಿಯೇ ಉಳಿಯಿತು. ಪರಂಗಿಯವರು ತಂದರೆಂದು ನಾವು ಪರಂಗಿಹಣ್ಣು ಎನ್ನುವ ಹಣ್ಣಿನ ಮೂಲ ಅಮೆರಿಕ ಖಂಡವಲ್ಲವೇ!

ಆದರೆ ಒಂದು ಹೆಸರು ಮಾತ್ರ ತನ್ನೊಳಗಿರುವುದನ್ನು ಮುಚ್ಚಿಡದೆ ಹೇಳುತ್ತದೆ, ಕೇಳುವವರೇ ಕಡಿಮೆ. ಅಂಗಡಿಗಳಲ್ಲಿ 'ಬೋನ್ ಚೈನಾ' ಎಂದು ಮಾರುವ ಬಟ್ಟಲುಗಳಿವೆಯಷ್ಟೆ. 'ಬೋನ್' ಎಂದರೆ ಮೂಳೆ. ಇದು ಅಲಂಕಾರದ ಮಾತಲ್ಲ. ಇಂಗ್ಲೆಂಡಿನ ಜೊಸಾಯ ಸ್ಪೋಡ್ ಎಂಬುವನು 1790ರ ದಶಕದಲ್ಲಿ ಈ ಬಗೆಯನ್ನು ಒಂದು ಹದಕ್ಕೆ ತಂದನು. ದನದ ಮೂಳೆಗಳನ್ನು ಸುಟ್ಟು ಬೂದಿ ಮಾಡಿ ಮಣ್ಣಿಗೆ ಬೆರೆಸುವುದು ಇದರ ಕ್ರಮ. ಸಾಂಪ್ರದಾಯಿಕ ಪಾಕದಲ್ಲಿ ಸರಿಸುಮಾರು ಅರ್ಧದಷ್ಟು ಆ ಬೂದಿಯೇ. ಅದರ ಹಾಲುಬಿಳುಪಿಗೂ ಗಟ್ಟಿತನಕ್ಕೂ ಅದೇ ಕಾರಣ.

ಪೀಳಿಗೆಗಳಿಂದ ಸಸ್ಯಾಹಾರದ ನೇಮವನ್ನು ಪಾಲಿಸಿಕೊಂಡು ಬಂದ ಮನೆಗಳಲ್ಲಿಯೂ ಈ ಬಟ್ಟಲು ಮದುವೆಯ ಉಡುಗೊರೆಯಾಗಿ ಬಂದು ಕುಳಿತಿರುತ್ತದೆ. ಇಟ್ಟುಕೊಳ್ಳುವುದೋ ಬಿಡುವುದೋ ಆಯಾ ಮನೆಯವರ ವಿವೇಕಕ್ಕೆ ಸೇರಿದ್ದು; ಸುಟ್ಟು ಬೂದಿಯಾದ ಮೇಲೆ ದೋಷವೇನು ಎನ್ನುವವರೂ ಉಂಟು. ನಾವು ಹೇಳುವುದು ಇಷ್ಟೆ: ನಿರ್ಧಾರ ಯಾವುದೇ ಆಗಲಿ, ತಿಳಿದು ಆಗಲಿ. ಕೊಳ್ಳುವಾಗ ಬಟ್ಟಲನ್ನು ತಲೆಕೆಳಗಾಗಿಸಿ, ತಳದ ಅಕ್ಷರಗಳನ್ನು ಓದಿರಿ. ಓದಲು ಬಾರದ ಹಿರಿಯರಿಗೆ ಮಕ್ಕಳು ಓದಿ ಹೇಳಲಿ.