ಸೂಜಿಗೆ ರಜೆ ಕೊಟ್ಟಾಗ

ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಹತ್ತಿರದ ಕ್ಯಾಲ್ವರ್ಟನ್ ಹಳ್ಳಿಯಲ್ಲಿ ವಿಲಿಯಂ ಲೀ ಎಂಬ ಪಾದ್ರಿ 1589ರಲ್ಲಿ ಕಾಲುಚೀಲ ಹೆಣೆಯುವ ಯಂತ್ರವೊಂದನ್ನು ಕಟ್ಟಿದ. ಅವನು ಮೆಚ್ಚಿದ ಹುಡುಗಿ ತಲೆಯೆತ್ತಿಯೂ ನೋಡದೆ ಕಡ್ಡಿ ಆಡಿಸುತ್ತ ಕೂತಿರುತ್ತಿದ್ದಳಂತೆ. ಆ ಸಿಟ್ಟಿಗೇ ಯಂತ್ರ ಹುಟ್ಟಿತಂತೆ. ಈ ಕಥೆಯನ್ನು ನಂಬುವುದು ಬಿಡುವುದು ಓದುಗರಿಗೆ ಬಿಟ್ಟದ್ದು. ಎಲಿಜಬೆತ್ ರಾಣಿ ಅವನಿಗೆ ಹಕ್ಕುಪತ್ರ ಕೊಡಲಿಲ್ಲ. ಆಮೇಲೆ ಫ್ರಾನ್ಸಿನಲ್ಲಿ ಅವನಿಗೆ ಆಸರೆಯಾಗಿದ್ದ ದೊರೆ ನಾಲ್ಕನೇ ಹೆನ್ರಿ 1610ರಲ್ಲಿ ಕೊಲೆಯಾದ. ಲೀಗೆ ದಕ್ಕದ ಭಾಗ್ಯ ಅವನ ಯಂತ್ರಕ್ಕೆ ದಕ್ಕಿತು. ಅವನ ಸೂತ್ರ ಸರಳ: ಪ್ರತಿ ಕುಣಿಕೆಗೂ ಅದರದೇ ಒಂದು ಸೂಜಿ.

ನೇಯ್ಗೆಯ ನಾಡಿನವರಾದ ನಮಗೆ ಹಾಸು, ಹೊಕ್ಕು ಗೊತ್ತು. ಹೆಣಿಗೆಯಲ್ಲಿ ಅವೆರಡೂ ಇಲ್ಲ. ಒಂದೇ ಎಳೆ ಕುಣಿಕೆಯಾಗಿ, ಹಿಂದಿನ ಸಾಲಿನ ಕುಣಿಕೆಯೊಳಗಿಂದ ತೂರಿ ಬರುತ್ತದೆ. ಪಂಚೆ ಹಿಗ್ಗುವುದಿಲ್ಲ, ಬನಿಯನ್ ಹಿಗ್ಗುತ್ತದೆ; ಕಾರಣ ಇಷ್ಟೇ.

ಮನೆಬಳಕೆಯ ಹೆಣಿಗೆ ಯಂತ್ರವೂ ಲೀಯ ಸೂತ್ರವನ್ನೇ ಪಾಲಿಸುತ್ತದೆ. ಜಪಾನಿನ ಬ್ರದರ್, ಸಿಲ್ವರ್ ರೀಡ್ ಕಂಪನಿಗಳ ಸಾಮಾನ್ಯ ಮಾದರಿಯಲ್ಲಿ ಉದ್ದನೆಯ ಲೋಹದ ಮಣೆಯ ಮೇಲೆ 4.5 ಮಿಲಿಮೀಟರಿಗೊಂದರಂತೆ 200 ಸೂಜಿಗಳಿರುತ್ತವೆ. ದಪ್ಪ ಉಲ್ಲನ್ನಿನ ಯಂತ್ರಗಳಲ್ಲಿ ಈ ಅಂತರ 9 ಮಿಲಿಮೀಟರ್. ಪ್ರತಿ ಸೂಜಿಯ ತುದಿಯಲ್ಲಿ ಕೊಕ್ಕೆ, ಕೊಕ್ಕೆಗೆ ಚಿಲಕದಂಥ ಪುಟ್ಟ ನಾಲಗೆ. ಸೂಜಿಗಳ ಮೇಲೆ ಜಾರುವ ಕ್ಯಾರೇಜನ್ನು ಎಡದಿಂದ ಬಲಕ್ಕೆ ಒಮ್ಮೆ ಎಳೆದರೆ ಸೂಜಿಗಳು ಒಂದರ ಹಿಂದೊಂದು ಮುಂದೆ ಬಂದು, ನೂಲು ಹಿಡಿದು, ಹಳೆಯ ಕುಣಿಕೆಯನ್ನು ಕಳಚಿ ಹಿಂದೆ ಸರಿಯುತ್ತವೆ. ಒಂದು ಸಾಲು ಮುಗಿಯಿತು! ಕಡ್ಡಿಯಲ್ಲಿ ಹತ್ತು ನಿಮಿಷ ಹಿಡಿಯುವ ಕೆಲಸ ಒಂದೆರಡು ಸೆಕೆಂಡಿನದು.

ಹೊಸಬರು ಮೋಸಹೋಗುವುದು ಈ ವೇಗಕ್ಕೇ. ಮೊದಲ ದಿನವೇ ಸ್ವೆಟರಿಗೆ ಕೈ ಹಾಕಿದರೆ ಮಗುವಿಗೆಂದು ಶುರುವಾದದ್ದು ಅಪ್ಪನಿಗೆ ಆದೀತು. ಅನುಭವಸ್ಥರು ಮೊದಲು 40 ಕುಣಿಕೆ ಅಗಲ, 60 ಸಾಲು ಉದ್ದದ ಸ್ಯಾಂಪಲ್ ತುಂಡು ಹೆಣೆಯುತ್ತಾರೆ. ಯಂತ್ರದ ಮೇಲೆ ಭಾರದ ತೂಕಗಳು ಬಟ್ಟೆಯನ್ನು ಕೆಳಕ್ಕೆ ಜಗ್ಗಿರುತ್ತವೆ. ಬಿಡಿಸಿ, ಒಗೆದು, ಅದು ತನ್ನ ಸಹಜ ಅಳತೆಗೆ ಮರಳಿದ ಮೇಲೆಯೇ ಟೇಪು ಹಿಡಿಯಬೇಕು.

ನುಣುಪಾದ ಬಟ್ಟೆ ಕೈಗೆ ಬಂದ ಮೇಲೆ ನಿಜವಾದ ಮೋಜು ಶುರು. 200 ಸೂಜಿಗಳೂ ಒಂದೇ ತೆರನಾಗಿ ದುಡಿಯಲೆಂದೇ ಕಟ್ಟಿದ ಯಂತ್ರದಲ್ಲಿ ಉಬ್ಬುತಗ್ಗು ತರಬೇಕಾದರೆ ಕೆಲವು ಸೂಜಿಗಳಿಗೆ ಅರೆಕೆಲಸ ಕೊಡಬೇಕು, ಇಲ್ಲವೆ ರಜೆಯನ್ನೇ ಕೊಡಬೇಕು. ಅರೆಕೆಲಸದ ಹೆಸರು ಟಕ್. ಸೂಜಿ ಹೊಸ ನೂಲು ಹಿಡಿಯುತ್ತದೆ, ಹಳೆಯ ಕುಣಿಕೆಯನ್ನು ಬಿಡುವುದಿಲ್ಲ. ಎರಡು ಮೂರು ಸಾಲು ಹೀಗೆ ಕೂಡಿಟ್ಟು ಒಮ್ಮೆಲೇ ಕಳಚಿದಾಗ ಅಕ್ಕಪಕ್ಕದ ಕುಣಿಕೆಗಳು ಸರಿದು ಜೇನುಗೂಡಿನಂಥ ಗುಳಿಗಳು ಮೂಡುತ್ತವೆ. ಬಟ್ಟೆ ಅಗಲವಾಗುತ್ತದೆ, ಗಿಡ್ಡವಾಗುತ್ತದೆ. ರಜೆಯ ಹೆಸರು ಸ್ಲಿಪ್. ಸೂಜಿ ನೂಲನ್ನು ಮುಟ್ಟುವುದೇ ಇಲ್ಲ. ನೂಲು ಅದರ ಮುಂದಿನಿಂದ ಹಾಗೇ ಹಾದುಹೋಗುತ್ತದೆ. ಇಲ್ಲಿ ಬಟ್ಟೆ ಕಿರಿದಾಗಿ ಬಿಗಿಯುತ್ತದೆ. ಯಾವ ಸೂಜಿಗೆ ಯಾವ ಕೆಲಸವೆಂದು ಹೇಳುವ ತೂತಿನ ಕಾರ್ಡು ಒಂದೇ ಇರಲಿ, ಕ್ಯಾರೇಜಿನ ಗುಂಡಿಯನ್ನು ಟಕ್‌ನಿಂದ ಸ್ಲಿಪ್‌ಗೆ ಬದಲಿಸಿದರೆ ಸಾಕು, ಬೇರೆಯದೇ ಬಟ್ಟೆ ಇಳಿದು ಬರುತ್ತದೆ. ಟಕ್ ಸೂಜಿಗಳನ್ನು ಎರಡೆರಡು ಜೋಡಿಯಾಗಿ ಇಡಬಾರದು. ನಡುವೆ ಒಂದು ದುಡಿಯುವ ಸೂಜಿ ಇಲ್ಲದಿದ್ದರೆ ನೂಲು ಜೋತುಬೀಳುತ್ತದೆ.

ಟಕ್ ಹೆಣೆಯುವವರಿಗೆ ಒಂದು ಅನುಕೂಲವೂ ಇದೆ. ಯಂತ್ರದ ಮುಂದೆ ಕೂತವರಿಗೆ ಕಾಣುವುದು ಬಟ್ಟೆಯ ಉಲ್ಟಾ ಮುಖ. ಟಕ್‌ನ ಚೆಲುವು ಹೆಚ್ಚಾಗಿ ಅರಳುವುದೂ ಅಲ್ಲೇ.

ಸೀದಾ ಮುಖದಲ್ಲಿ ಉಲ್ಟಾ ಗೆರೆ ಬೇಕೆಂದರೆ ಮಾತ್ರ ಒಂದೇ ಮಣೆಯ ಯಂತ್ರ ಕೈಚೆಲ್ಲುತ್ತದೆ. ಆ ಕುಣಿಕೆಗಳನ್ನು ಬೇಕೆಂದೇ ಜಾರಿಸಿ, ಕೊಕ್ಕೆಯಿಂದ ಒಂದೊಂದಾಗಿ ತಿರುವಿ ಎತ್ತಬೇಕು. ಇದು ಲೀಯ ಯಂತ್ರಕ್ಕೂ ಇದ್ದ ಕೊರತೆ. 1758–59ರಲ್ಲಿ ಜೆಡೆಡಯ ಸ್ಟ್ರಟ್ ಎರಡನೆಯ ಸೂಜಿಸಾಲನ್ನು ಜೋಡಿಸಿ ‘ಡರ್ಬಿ ರಿಬ್’ ತಂದ. ಇಂದಿನ ಯಂತ್ರಗಳಿಗೆ ಬೇರೆಯಾಗಿ ಕೊಳ್ಳುವ ರಿಬ್ಬರ್ ಆ ವಂಶದ್ದೇ.

ಜಡೆಯಂತೆ ಹೊರಳುವ ಕೇಬಲ್‌ಗೂ ಕೈಯೇ ಬೇಕು. ಮೂರು ಕುಣಿಕೆ ಒಂದು ಉಪಕರಣಕ್ಕೆ, ಮೂರು ಇನ್ನೊಂದಕ್ಕೆ. ಅದಲುಬದಲು ಮಾಡಿ ಸೂಜಿಗೆ ಏರಿಸಿ ಕ್ಯಾರೇಜ್ ಎಳೆದರೆ ಮುಗಿಯಿತು. ಈ ಜಡೆಗಳಿಗೆ ಹೆಸರಾದವು ಐರ್ಲೆಂಡಿನ ಆರನ್ ದ್ವೀಪಗಳು. ಅಲ್ಲಿ ಮನೆತನಕ್ಕೊಂದು ವಿನ್ಯಾಸವಿತ್ತು, ಕಡಲಿನಲ್ಲಿ ಮುಳುಗಿದವರ ಗುರುತು ಸ್ವೆಟರಿನಿಂದ ಹತ್ತುತ್ತಿತ್ತು ಎಂಬ ಮಾತನ್ನು ಅಂಗಡಿಯವರು ಇಂದಿಗೂ ಮಾರುತ್ತಾರೆ. ಅದರ ಬೇರು ಜೆ.ಎಂ. ಸಿಂಜ್‌ನ ‘ರೈಡರ್ಸ್ ಟು ದ ಸೀ’ ನಾಟಕದಲ್ಲಿರಬೇಕು. ಅಲ್ಲಿಯೂ ಅಣ್ಣನ ಗುರುತು ಹತ್ತುವುದು ಸ್ವೆಟರಿನಿಂದಲ್ಲ. ಕಾಲುಚೀಲದಲ್ಲಿ ತಂಗಿ ಬಿಟ್ಟಿದ್ದ ನಾಲ್ಕು ಕುಣಿಕೆಗಳಿಂದ.

ಬ್ರದರ್ ಈಗ ಹೆಣಿಗೆ ಯಂತ್ರ ತಯಾರಿಸುವುದಿಲ್ಲ. ಆದ್ದರಿಂದ ಕಲಿಯುವವರಿಗೆ ಸಿಗುವುದು ಹೆಚ್ಚಾಗಿ ಯಾರದೋ ಅಟ್ಟದಿಂದ ಇಳಿದದ್ದು. ಕೊಳ್ಳುವ ಮುನ್ನ ಮಣೆಯ ಪಕ್ಕದಿಂದ ಸ್ಪಂಜಿನ ಪಟ್ಟಿಯನ್ನು ಎಳೆದು ನೋಡಿ. ಸೂಜಿಗಳನ್ನು ಒತ್ತಿ ಹಿಡಿಯುವುದು ಅದೇ. ಅದು ಚಪ್ಪಟೆಯಾಗಿದ್ದರೆ ಸೂಜಿಗಳು ಮೇಲೆದ್ದು, ಕುಣಿಕೆಗಳು ಉದುರುತ್ತವೆ, ಕ್ಯಾರೇಜ್ ಕಚ್ಚಿಕೊಳ್ಳುತ್ತದೆ. ಯಂತ್ರ ಕೆಟ್ಟಿದೆ ಎಂದು ಮಾರುವವರಲ್ಲಿ ಎಷ್ಟೋ ಮಂದಿ ಬದಲಿಸಬೇಕಿದ್ದದ್ದು ಆ ಪಟ್ಟಿಯೊಂದನ್ನೇ.