ಸಾಲದ ಮಿತಿಯೂ ಹೊಸ ಕಾರ್ಡಿನ ಮೋಹವೂ

ತಮಿಳಿನ ‘ಒಟ್ರಿ’ ಎಂಬ ಮಾತಿಗೆ ಅಡವು ಎಂಬ ಅರ್ಥವುಂಟು. ನಮ್ಮ ‘ಒತ್ತೆ’ ಅದರ ನಂಟಿನದೇ ಆಗಿದೆ. ತಿರುವೊಟ್ಟಿಯೂರಿನ ಹೆಸರಿಗೆ ಸ್ಥಳಪುರಾಣವು ಬೇರೆ ಅರ್ಥವನ್ನು, ಎಂದರೆ ಪ್ರಳಯದ ನೀರನ್ನು ಒತ್ತರಿಸಿದ ಊರೆಂಬುದನ್ನು, ಹೇಳುತ್ತದೆಂಬುದು ನಿಜ. ಆದರೆ ಈ ಊರಿನ ಹೋಟೆಲುಗಳಲ್ಲಿಯೂ ಕಾರ್ಖಾನೆಯ ಕಚೇರಿಗಳಲ್ಲಿಯೂ ದುಡಿಯುವ ನಮ್ಮವರ ಇಂದಿನ ಸ್ಥಿತಿಯನ್ನು ನೋಡಿದರೆ ಮೊದಲನೆಯ ಅರ್ಥವೇ ಹೆಚ್ಚು ಹೊಂದುವುದೇನೋ ಎನಿಸುತ್ತದೆ. ಹಿಂದೆ ಒತ್ತೆಗೆ ಹೋಗುತ್ತಿದ್ದುದು ಹೆಂಡತಿಯ ಬಳೆ. ಇಂದು ಮುಂದಿನ ತಿಂಗಳ ಸಂಬಳವೇ ಮುಂಚಿತವಾಗಿ ಒತ್ತೆಗೆ ಹೋಗುತ್ತಿದೆ.

ಕ್ರೆಡಿಟ್ ಕಾರ್ಡು ಒಂದು ಕಾಲದಲ್ಲಿ ದೊಡ್ಡ ಅಧಿಕಾರಿಗಳ ಜೇಬಿನ ವಸ್ತುವಾಗಿತ್ತು. 2024ರ ಮೊದಲ ತಿಂಗಳುಗಳಲ್ಲಿ ದೇಶದ ಕಾರ್ಡುಗಳ ಸಂಖ್ಯೆ 10 ಕೋಟಿಯನ್ನು ದಾಟಿತು. 2022ರ ಸೆಪ್ಟೆಂಬರಿನಲ್ಲಿ ರುಪೇ ಕಾರ್ಡನ್ನು ಯುಪಿಐಗೆ ಜೋಡಿಸುವ ಏರ್ಪಾಡು ಬಂದ ಮೇಲಂತೂ ತರಕಾರಿಯ ಅಂಗಡಿಯಲ್ಲಿಯೂ ಸಾಲದಿಂದ ಹಣ ಸಲ್ಲಿಸುವುದು ಸಾಧ್ಯವಾಯಿತು. 1928ರಲ್ಲಿ ಉಡುಪಿಯ ಸಿಂಡಿಕೇಟಿನವರು ಪಿಗ್ಮಿ ಯೋಜನೆಯನ್ನು ತೆಗೆದು, ಮನೆಯ ಬಾಗಿಲಿಗೆ ಆಳನ್ನು ಕಳುಹಿಸಿ ದಿನಕ್ಕೆ ಎರಡಾಣೆಯನ್ನು ಉಳಿತಾಯಕ್ಕೆಂದು ಕೂಡಿಸಿದರು. ಆ ಬ್ಯಾಂಕು 2020ರ ಏಪ್ರಿಲಿನಲ್ಲಿ ಕೆನರಾ ಬ್ಯಾಂಕಿನೊಳಗೆ ಸೇರಿಹೋಯಿತು. ಇಂದು ಬಾಗಿಲಿಗಲ್ಲ, ಕಿವಿಗೇ ಕರೆ ಬರುತ್ತಿದೆ. ಅದೂ ಸಾಲ ಕೊಡುವುದಕ್ಕಾಗಿ.

ಹೀಗೆ ಬರುವ ಕರೆಗೆ ‘ಆಗಲಿ’ ಎನ್ನುವ ಮೊದಲು ನಮ್ಮವರು ಅರಿಯತಕ್ಕ ಸಂಗತಿಯೊಂದಿದೆ. ಸಾಲಗಾರನ ಯೋಗ್ಯತೆಯನ್ನು ಅಳೆಯುವ ಸಂಸ್ಥೆಗಳು ನಮ್ಮಲ್ಲಿ ನಾಲ್ಕು: ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್. ಇವುಗಳಿಗೆ ಆಧಾರವಾದ ಕಾನೂನು 2005ರದು. ಸಿಬಿಲ್ ಕೊಡುವ ಅಂಕವು 300ರಿಂದ 900ರವರೆಗೆ ಇರುತ್ತದೆ. ಕಂತನ್ನು ಸಕಾಲದಲ್ಲಿ ಕಟ್ಟಿದನೇ ಎಂಬುದನ್ನು ಮಾತ್ರವೇ ಅವರು ನೋಡುವರೆಂದು ಹಲವರು ತಿಳಿದಿದ್ದಾರೆ. ಕೊಟ್ಟ ಮಿತಿಯಲ್ಲಿ ಎಷ್ಟು ಪಾಲನ್ನು ಬಳಸಿಕೊಂಡಿದ್ದಾನೆ ಎಂಬುದನ್ನೂ ನೋಡುತ್ತಾರೆ. ಶೇಕಡ 30ರ ಒಳಗಿದ್ದರೆ ಕ್ಷೇಮವೆಂಬುದು ವಾಡಿಕೆಯ ಸಲಹೆ. ಅದು ಕಾನೂನೇನೂ ಅಲ್ಲ.

ಇಲ್ಲಿಯೇ ನಮ್ಮ ಆಕ್ಷೇಪವಿರುವುದು. 40,000 ರೂಪಾಯಿ ಮಿತಿಯುಳ್ಳ ಗುಮಾಸ್ತನೊಬ್ಬನು ಮಗಳ ಶಾಲೆಯ ಶುಲ್ಕ, ಮನೆಸಾಮಾನು, ಊರಿಗೆ ಹೋಗುವ ರೈಲಿನ ಟಿಕೆಟ್ಟು ಇವುಗಳಿಗಾಗಿ 24,000ವನ್ನು ಬಳಸಿದನೆನ್ನೋಣ. ಅವನ ಬಳಕೆ ಶೇಕಡ 60. ಐದು ಲಕ್ಷ ಮಿತಿಯುಳ್ಳ ಅಧಿಕಾರಿಯೊಬ್ಬನು ವಿಲಾಸಕ್ಕಾಗಿ ಒಂದು ಲಕ್ಷವನ್ನು ಚೆಲ್ಲಿದರೂ ಅವನದು ಶೇಕಡ 20 ಮಾತ್ರ. ಇಬ್ಬರೂ ಬಿಲ್ಲನ್ನು ಪೂರ್ಣವಾಗಿ ಸಲ್ಲಿಸಿದರೂ ಈ ಒಂದು ಲೆಕ್ಕದಲ್ಲಿ ಮಿತವ್ಯಯಿಯಾದ ಗುಮಾಸ್ತನೇ ಅಪಾಯದ ಮನುಷ್ಯನಾಗಿ ಕಾಣುತ್ತಾನೆ! ಬಡವನ ಮಿತಿ ಚಿಕ್ಕದೆಂಬುದೇ ಅವನ ಅಪರಾಧವಾಗುವ ಈ ಅಳತೆಯನ್ನು ನ್ಯಾಯವೆಂದು ನಾವು ಒಪ್ಪಲಾರೆವು. ಆದರೆ ಕುಂದಾಪುರದಲ್ಲಿಯೋ ಕಾರ್ಕಳದಲ್ಲಿಯೋ ಒಂದು ಮನೆ ಕಟ್ಟಬೇಕೆಂದು ಸಾಲಕ್ಕೆ ಹೋದಾಗ ಎದುರು ಕುಳಿತವರು ಇದೇ ಅಂಕವನ್ನು ನೋಡುತ್ತಾರೆ. ಆದುದರಿಂದ ಲೆಕ್ಕದ ಕೀಲನ್ನು ತಿಳಿದಿರುವುದು ಅವಶ್ಯ.

ಬಳಕೆಯ ಪ್ರಮಾಣವನ್ನು ಇಳಿಸಲು ಇನ್ನೊಂದು, ಮತ್ತೊಂದು ಕಾರ್ಡಿಗೆ ಅರ್ಜಿ ಹಾಕುವುದೇ ಉಪಾಯವೆಂದು ಕೆಲವರು ಬೋಧಿಸುತ್ತಿದ್ದಾರೆ. ಪ್ರತಿಯೊಂದು ಅರ್ಜಿಯೂ ವರದಿಯಲ್ಲಿ ವಿಚಾರಣೆಯೆಂದು ದಾಖಲಾಗುತ್ತದೆ. ಅಲ್ಪಕಾಲದಲ್ಲಿ ಇಂಥವು ನಾಲ್ಕೈದು ಸೇರಿದರೆ ಈತನು ಹಣಕ್ಕಾಗಿ ಮನೆಮನೆ ಅಲೆಯುತ್ತಿದ್ದಾನೆಂದು ಸಾಲ ಕೊಡುವವರು ಊಹಿಸುತ್ತಾರೆ. ಮನೆಯ ಸಾಲ ಹತ್ತಿರವಿರುವಾಗ ಹೊಸ ಅರ್ಜಿಯನ್ನು ಹಾಕದಿರುವುದೇ ಲೇಸು. ತನ್ನ ವರದಿಯನ್ನು ತಾನೇ ತರಿಸಿ ನೋಡುವುದರಿಂದ ಮಾತ್ರ ಅಂಕವು ಇಳಿಯುವುದಿಲ್ಲ.

ಇದ್ದ ಕಾರ್ಡಿನಲ್ಲಿಯೇ ಮಾಡಬಹುದಾದುದುಂಟು. ಬಿಲ್ಲು ಹೊರಡುವ ದಿನ ಅಥವಾ ಬ್ಯಾಂಕು ವರದಿಯನ್ನು ಕಳುಹಿಸುವ ದಿನ ಎಷ್ಟು ಬಾಕಿಯಿತ್ತೋ ಅದೇ ಆ ಸಂಸ್ಥೆಗಳ ಕಣ್ಣಿಗೆ ಬೀಳುತ್ತದೆ. ಮೇಲೆ ಹೇಳಿದ ಗುಮಾಸ್ತನು ಕೊನೆಯ ದಿನಾಂಕಕ್ಕೆ ಕಾಯದೆ, ಬಿಲ್ಲು ಹೊರಡುವುದಕ್ಕೆ ಮೂರು ನಾಲ್ಕು ದಿನ ಮೊದಲೇ 14,000ವನ್ನು ಕಟ್ಟಿಬಿಟ್ಟರೆ ಬಿಲ್ಲಿನಲ್ಲಿ ಉಳಿಯುವುದು 10,000, ಎಂದರೆ ಶೇಕಡ 25. ಖರ್ಚಾದ ಹಣ ಅಷ್ಟೇ. ಕಟ್ಟಿದ ದಿನ ಮಾತ್ರ ಬೇರೆ. 2025ರ ಜನವರಿಯಿಂದ ಬ್ಯಾಂಕುಗಳು ಹದಿನೈದು ದಿನಕ್ಕೊಮ್ಮೆಯಾದರೂ ವರದಿ ಕಳುಹಿಸಬೇಕೆಂಬ ನಿಯಮ ಬಂದುದರಿಂದ ಇಂಥ ಇಳಿಕೆ ಹಿಂದಿಗಿಂತ ಬೇಗನೆ ಲೆಕ್ಕಕ್ಕೆ ಬರುತ್ತದೆ. ಬಿಲ್ಲಿನ ದಿನಾಂಕವು ಸಂಬಳದ ದಿನಕ್ಕೆ ಹೊಂದದಿದ್ದರೆ ಒಂದು ಸಲವಾದರೂ ಅದನ್ನು ಬದಲಾಯಿಸಿಕೊಳ್ಳುವ ಅವಕಾಶವನ್ನು ರಿಸರ್ವ್ ಬ್ಯಾಂಕು ಕೊಡಿಸಿದೆ. ಬಳಸದ ಹಳೆಯ ಕಾರ್ಡನ್ನು ಸಿಟ್ಟಿನಿಂದ ಮುಚ್ಚಿಸುವವರೂ ಎಣಿಸಿ ನೋಡಲಿ: 40,000 ಮತ್ತು 60,000ದ ಎರಡು ಕಾರ್ಡುಗಳಿದ್ದಾಗ ಆ 24,000ದ ಬಾಕಿ ಒಟ್ಟಿನಲ್ಲಿ ಶೇಕಡ 24, ಎರಡನೆಯದನ್ನು ಮುಚ್ಚಿದರೆ ಮತ್ತೆ 60. ವಾರ್ಷಿಕ ಶುಲ್ಕವು ಭಾರವಾಗಿದ್ದರೆ ಅದು ಬೇರೆ ಮಾತು. ಇದ್ದ ಕಾರ್ಡಿನ ಮಿತಿಯನ್ನು ಏರಿಸಿಕೊಳ್ಳಬಹುದು. ಆದರೆ ಅದಕ್ಕಾಗಿಯೂ ಹೊಸದಾಗಿ ವಿಚಾರಣೆ ದಾಖಲಾಗುವುದೇ ಎಂದು ಮೊದಲೇ ಕೇಳಿಕೊಳ್ಳಬೇಕು. ಏರಿದ ಮಿತಿಯನ್ನು ಏರಿದ ಸಂಬಳವೆಂದು ತಿಳಿಯುವ ಸ್ವಭಾವವುಳ್ಳವರು ಈ ದಾರಿಗೆ ಹೋಗದಿರುವುದೇ ಒಳ್ಳೆಯದು.

‘ಕನಿಷ್ಠ ಮೊತ್ತ’ವೆಂಬುದು ಇವೆಲ್ಲಕ್ಕಿಂತ ದೊಡ್ಡ ಬಲೆ. 20,000 ಬಾಕಿಯ ಮೇಲೆ ತಿಂಗಳಿಗೆ ಶೇಕಡ ಮೂರೂವರೆಯಂತೆ ಬಡ್ಡಿ 700. ಅದರ ಮೇಲೆ ಶೇಕಡ 18ರ ತೆರಿಗೆ 126. ಕನಿಷ್ಠವೆಂದು ಶೇಕಡ 5ರಂತೆ 1,000ವನ್ನು ಕಟ್ಟಿದವನ ಅಸಲಿನಿಂದ ಇಳಿಯುವುದು 174 ರೂಪಾಯಿ! ಸಾಲದು ಎಂಬಂತೆ, ಹೊಸದಾಗಿ ಕೊಂಡ ವಸ್ತುಗಳಿಗೂ ಬಡ್ಡಿಯಿಲ್ಲದ ದಿನಗಳ ಸೌಲಭ್ಯ ತಪ್ಪುತ್ತದೆ. ವರ್ಷಕ್ಕೆ ಶೇಕಡ 30ಕ್ಕಿಂತ ಹೆಚ್ಚಿನ ಬಡ್ಡಿ ಅನ್ಯಾಯವೆಂದು ರಾಷ್ಟ್ರೀಯ ಗ್ರಾಹಕ ಆಯೋಗವು 2008ರಲ್ಲಿ ಹೇಳಿತ್ತು. ಸುಪ್ರೀಂ ಕೋರ್ಟು 2024ರ ಡಿಸೆಂಬರಿನಲ್ಲಿ ಆ ತೀರ್ಪನ್ನು ತಳ್ಳಿಹಾಕಿತು. ಆ ಕಡೆಯಿಂದ ರಕ್ಷಣೆಯನ್ನು ಸದ್ಯಕ್ಕೆ ನಿರೀಕ್ಷಿಸುವಂತಿಲ್ಲ.

2023ರ ನವೆಂಬರಿನಲ್ಲಿ ರಿಸರ್ವ್ ಬ್ಯಾಂಕು ಇಂಥ ಸಾಲಗಳಿಗಾಗಿ ಬ್ಯಾಂಕುಗಳು ಹೆಚ್ಚು ಬಂಡವಾಳವನ್ನು ತೆಗೆದಿರಿಸಬೇಕೆಂದು ವಿಧಿಸಿತು. ಅದು ಬ್ಯಾಂಕುಗಳ ಕ್ಷೇಮಕ್ಕಾಗಿ. ಚಿಕ್ಕ ಮಿತಿಯ ಗ್ರಾಹಕನು ಬಿಲ್ಲನ್ನು ತಿಂಗಳು ತಿಂಗಳೂ ಪೂರ್ಣವಾಗಿ ತೀರಿಸುತ್ತಿದ್ದರೆ ಬಳಕೆಯ ಪ್ರಮಾಣದ ಈ ದಂಡದಿಂದ ಅವನನ್ನು ಬಿಡಿಸುವ ಏರ್ಪಾಡನ್ನೂ ಅದೇ ಬ್ಯಾಂಕು ಮಾಡಿಸಬೇಕೆಂದು ನಾವು ಒತ್ತಾಯಿಸುತ್ತೇವೆ. ಅದಾಗುವವರೆಗೆ, ನಾಲ್ಕು ಸಂಸ್ಥೆಗಳಿಂದಲೂ ವರ್ಷಕ್ಕೊಂದು ಪೂರ್ಣ ವರದಿಯನ್ನು ಉಚಿತವಾಗಿ ಪಡೆಯುವ ಹಕ್ಕು ಪ್ರತಿಯೊಬ್ಬ ಸಾಲಗಾರನಿಗೂ ಇದೆ. ತೀರಿಸಿದ ಸಾಲವು ಬಾಕಿಯೆಂದು ಅದರಲ್ಲಿ ಕಂಡರೆ ಬರೆದು ದೂರು ಕೊಡಬೇಕು. 30 ದಿನಗಳೊಳಗೆ ಅದು ಇತ್ಯರ್ಥವಾಗದಿದ್ದರೆ ದಿನವೊಂದಕ್ಕೆ 100 ರೂಪಾಯಿಯಂತೆ ಪರಿಹಾರವನ್ನು ಕೇಳಬಹುದು.