ಪಹಣಿ ಮೊಬೈಲಿಗೆ ಬಂತು, ಅಳತೆ ಬಲ್ಲವರು ಎಲ್ಲಿ?

ಶಿವನಿ ಹೋಬಳಿಯ ರೈತರು ಪಹಣಿಗಾಗಿ ಈಗ ತಾಲ್ಲೂಕು ಕೇಂದ್ರ ಅಜ್ಜಂಪುರಕ್ಕೆ ಬಸ್ಸು ಹತ್ತಬೇಕಾಗಿಲ್ಲ. ಮಗನೋ ಮೊಮ್ಮಗಳೋ ಮೊಬೈಲಿನಲ್ಲಿ ಸರ್ವೆ ನಂಬರ್ ಒತ್ತಿದರೆ ಸಾಕು, ಖಾತೆದಾರರ ಹೆಸರು, ವಿಸ್ತೀರ್ಣ, ಖರಾಬು, ಬ್ಯಾಂಕಿನ ಸಾಲ ಎಲ್ಲವೂ ಕಣ್ಣೆದುರಿಗೆ ಬರುತ್ತವೆ. ಆದರೆ ಪಹಣಿಯಲ್ಲಿರುವ ಎರಡು ಎಕರೆ ಹೊಲದಲ್ಲಿ ಎಲ್ಲಿ ಶುರುವಾಗಿ ಎಲ್ಲಿಗೆ ಮುಗಿಯುತ್ತದೆ ಎಂದು ತಿಳಿಯಬೇಕಾದರೆ ಅದೇ ರೈತರು ಹದ್ದುಬಸ್ತಿಗೆ ಅರ್ಜಿ ಕೊಟ್ಟು, ಶುಲ್ಕ ಕಟ್ಟಿ, ಸರ್ವೆಯರ್ ಬರುವ ದಿನಕ್ಕಾಗಿ ಕಾಯಬೇಕು. ಬಂದವರು ಹಾಕಿದ ಗುರುತನ್ನು ಪಕ್ಕದ ಹೊಲದವರು ಒಪ್ಪದಿದ್ದರೆ ಮತ್ತೆ ಅರ್ಜಿ, ಮತ್ತೆ ಕಾಯುವುದು. ಅದೂ ಬಗೆಹರಿಯದಿದ್ದರೆ ಕೋರ್ಟು. ಕಾಗದ ಕೈಗೆ ಬರುವುದು ಇಷ್ಟು ಸುಲಭವಾದ ಕಾಲದಲ್ಲಿ ಕಾಗದಕ್ಕೂ ನೆಲಕ್ಕೂ ತಾಳೆ ಹಾಕಬಲ್ಲವರು ಯಾಕೆ ಇಷ್ಟು ವಿರಳವಾದರು ಎನ್ನುವುದು ಕಡೂರು, ತರೀಕೆರೆ, ಅಜ್ಜಂಪುರದ ರೈತರು ಮಾತ್ರ ಕೇಳಬೇಕಾದ ಪ್ರಶ್ನೆಯೇನೂ ಅಲ್ಲ. ನಮ್ಮ ಶಾಲೆ, ನಮ್ಮ ನೇಮಕಾತಿ, ನಮ್ಮ ಆಡಳಿತ ಯಾವುದಕ್ಕೆ ಬೆಲೆ ಕೊಡುತ್ತಿವೆ ಎಂಬುದೂ ಇದರಲ್ಲೇ ಅಡಗಿದೆ.

ಭೂಮಿ ತಂತ್ರಾಂಶದ ಸಾಧನೆಯನ್ನು ಕಡೆಗಣಿಸಿ ಈ ಮಾತು ಆಡುವಂತಿಲ್ಲ. 2000ದ ಸುಮಾರಿಗೆ ಕರ್ನಾಟಕ ಸರ್ಕಾರ ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. 15 ರೂಪಾಯಿ ಕೊಟ್ಟರೆ ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ಪಹಣಿ ಸಿಗುವಂತಾಯಿತು. ಅದಕ್ಕೆ ಮುಂಚೆ ಒಂದು ಪ್ರತಿಗಾಗಿ ಬಡ ರೈತ ಎಷ್ಟು ಸಲ ಕೈಕಟ್ಟಿ ನಿಲ್ಲಬೇಕಾಗಿತ್ತು, ಎಷ್ಟು ಕೈಬಿಸಿ ಮಾಡಬೇಕಾಗಿತ್ತು ಎಂಬುದನ್ನು ಹಳ್ಳಿಯ ಹಿರಿಯರು ಇನ್ನೂ ಮರೆತಿಲ್ಲ.

ತೊಂದರೆ ಶುರುವಾಗುವುದು ಆ ಕಂಪ್ಯೂಟರಿಗೆ ಏನನ್ನು ತುಂಬಿದೆವು ಎಂಬಲ್ಲಿ. ಕೈಬರಹದ ಪುಸ್ತಕದಲ್ಲಿ ಇದ್ದದ್ದನ್ನು ಇದ್ದ ಹಾಗೆ ಏರಿಸಲಾಯಿತು. ಒಂದು ದೊಡ್ಡ ಸರ್ವೆ ನಂಬರಿನಲ್ಲಿ ಹಿಂದೆ ಹಲವರಿಗೆ ದರಖಾಸ್ತಿನಲ್ಲಿ ಸರ್ಕಾರಿ ಜಮೀನು ಮಂಜೂರಾಗಿದೆ ಎಂದಿಟ್ಟುಕೊಳ್ಳಿ. ಮಂಜೂರಾತಿ ಪತ್ರ ಬಂತು, ಪಹಣಿಯಲ್ಲಿ ಹೆಸರು ಕೂತಿತು, ಆದರೆ ಯಾರ ತುಂಡು ಯಾವುದು ಎಂದು ಅಳೆದು ಪೋಡಿ ಮಾಡಿ ನಕ್ಷೆ ಬರೆಯಲಿಲ್ಲ. ಆ ಪಹಣಿಗಳಲ್ಲಿರುವ ವಿಸ್ತೀರ್ಣವನ್ನೆಲ್ಲ ಕೂಡಿದರೆ ಕೆಲವು ಕಡೆ ಸರ್ವೆ ದಾಖಲೆಯಾದ ಆಕಾರಬಂದಿನಲ್ಲಿರುವ ಒಟ್ಟು ವಿಸ್ತೀರ್ಣವನ್ನೇ ಮೀರುತ್ತದೆ. ತಂತ್ರಾಂಶ ಇದನ್ನು ತಾನಾಗಿ ಸರಿಪಡಿಸಲಾರದು. ಅದು ಪ್ರತಿಯೊಬ್ಬರಿಗೂ ಕ್ಯೂಆರ್ ಕೋಡ್ ಇರುವ ಚೊಕ್ಕಟವಾದ ಹಾಳೆ ಕೊಡುತ್ತದೆ. ಹಳೆಯ ಪುಸ್ತಕದಲ್ಲಿದ್ದ ಅನುಮಾನದ ಅಂಕಿ ಮುದ್ರಿತ ಹಾಳೆಯಲ್ಲಿ ಅನುಮಾನಕ್ಕೆ ಎಡೆಯಿಲ್ಲದಂತೆ ಕಾಣುತ್ತದೆ. ತಿದ್ದಿಸಬೇಕೆಂದರೆ ರೈತರು ಗ್ರಾಮ ಆಡಳಿತ ಅಧಿಕಾರಿಯಿಂದ ತಹಶೀಲ್ದಾರರವರೆಗೆ, ಅಲ್ಲಿಂದ ಉಪವಿಭಾಗಾಧಿಕಾರಿಯವರೆಗೆ ಅಲೆಯಬೇಕು.

ಇಂಥ ಜಮೀನನ್ನು ಅಳೆಯುವ ಕೆಲಸ ಹೇಗಿರುತ್ತದೆ ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಮೈಸೂರು ಸಂಸ್ಥಾನದ ಮೂಲ ಸರ್ವೆ 1860ರ ದಶಕದಲ್ಲಿ ಶುರುವಾಯಿತು. ಆಗಿನ ಸರಪಳಿ 33 ಅಡಿ, ಅದಕ್ಕೆ 16 ಆಣೆ. ಸರಪಳಿ ಉದ್ದ, ಸರಪಳಿ ಅಗಲದ ಚೌಕ ಒಂದು ಗುಂಟೆ, ಅಂದರೆ 1,089 ಚದರಡಿ. 40 ಗುಂಟೆಗೆ ಒಂದು ಎಕರೆ. ಭೂಮಾಪಕರು ಹೊಲದ ನಡುವೆ ಒಂದು ನೇರ ಗೆರೆ ಹಿಡಿದು, ಕ್ರಾಸ್‌ಸ್ಟಾಫ್ ಇಟ್ಟು, ಪ್ರತಿ ಮೂಲೆಗೂ ಲಂಬವಾಗಿ ಅಳೆದು, ಆ ಅಳತೆಗಳನ್ನು ಸರಪಳಿ ಮತ್ತು ಆಣೆಯಲ್ಲಿ ಟಿಪ್ಪಣಿಯಲ್ಲಿ ಬರೆದರು. ಮೂಲೆಗಳಿಗೆ ಬಾಂದುಕಲ್ಲು ನೆಟ್ಟರು. ಇವತ್ತಿಗೂ ಗಡಿ ತಕರಾರು ಎದ್ದರೆ ಕೊನೆಗೆ ಹೋಗಿ ನಿಲ್ಲುವುದು ಆ ಟಿಪ್ಪಣಿಯ ಮುಂದೆಯೇ.

ಅದನ್ನು ಓದುವುದು ಒಂದು ವಿದ್ಯೆ. ಕಾಗದ ಮುಟ್ಟಿದರೆ ಪುಡಿಯಾಗುವಂತಿರುತ್ತದೆ, ಅಂಕಿ ಮಾಸಿರುತ್ತದೆ. ಬಾಂದುಕಲ್ಲನ್ನು ಯಾರೋ ಕಿತ್ತಿರುತ್ತಾರೆ, ಹಳ್ಳ ದಿಕ್ಕು ಬದಲಿಸಿರುತ್ತದೆ, ಬಂಡಿದಾರಿ ಅಡಿಕೆ ತೋಟದೊಳಗೆ ಸೇರಿಹೋಗಿರುತ್ತದೆ. ಪಳಗಿದ ಸರ್ವೆಯರ್ ಮೊದಲು ಹೊಲಕ್ಕೆ ಇಳಿಯುವುದಿಲ್ಲ. ಸುತ್ತಲಿನ ನಂಬರುಗಳ ಟಿಪ್ಪಣಿ ತೆಗೆಸುತ್ತಾರೆ, ಮೂರು ಊರಿನ ಗಡಿ ಸೇರುವ ಕಲ್ಲು ಉಳಿದಿದೆಯೇ ಎಂದು ಹುಡುಕುತ್ತಾರೆ, ಬದುವಿನಲ್ಲಿ ನಿಂತ ಹಳೆಯ ಮರವನ್ನು ನೋಡುತ್ತಾರೆ, ಎರಡೂ ಕಡೆಯ ಹಿರಿಯರನ್ನು ಕೂರಿಸಿ ಕೇಳುತ್ತಾರೆ. ಒಂದು ಗಟ್ಟಿ ಬಿಂದು ಸಿಕ್ಕ ಮೇಲೆಯೇ ಅಳತೆ. ಈಗ ಇಲಾಖೆ ರೋವರ್ ಯಂತ್ರಗಳನ್ನು ಕೊಡುತ್ತಿದೆ. ಉಪಗ್ರಹದ ಸಂಕೇತ ಹಿಡಿದು, ನಿಂತ ಜಾಗವನ್ನು ಕೆಲವೇ ಸೆಂಟಿಮೀಟರುಗಳ ನಿಖರತೆಯಲ್ಲಿ ಅದು ಹೇಳುತ್ತದೆ. ತುಂಬ ಒಳ್ಳೆಯ ಉಪಕರಣ. ಆದರೆ ನಿಂತಿರುವ ಜಾಗವೇ ಹಳೆಯ ಬಾಂದುಕಲ್ಲಿನ ಜಾಗವೋ ಅಲ್ಲವೋ ಎಂಬುದನ್ನು ಅದು ಹೇಳಲಾರದು. ಟಿಪ್ಪಣಿ ಓದಲು ಬಾರದವರ ಕೈಯಲ್ಲಿ ರೋವರ್ ತಪ್ಪು ಜಾಗವನ್ನು ಅತ್ಯಂತ ನಿಖರವಾಗಿ ಗುರುತಿಸಿಬಿಡುತ್ತದೆ. ದಿಶಾಂಕ್ ಆ್ಯಪ್ ಕೂಡ ಹಾಗೆಯೇ. ನಿಂತ ಜಾಗದ ಸರ್ವೆ ನಂಬರನ್ನು ಸುಮಾರಾಗಿ ತಿಳಿಯಲು ಬಹಳ ಉಪಯುಕ್ತ, ಅದನ್ನು ಹಿಡಿದು ಬೇಲಿ ಹಾಕಿದರೆ ಜಗಳ ಖಾತ್ರಿ.

ಅಜ್ಜಂಪುರ ಸೀಮೆಗೆ ಸರಿಯಾದ ಅಳತೆ ಅನ್ನದ ಪ್ರಶ್ನೆ. ಭದ್ರಾ ಮೇಲ್ದಂಡೆ ಯೋಜನೆಯ ಸುರಂಗ ಅಜ್ಜಂಪುರದ ಬಳಿಯೇ ಹಾದು ಹೋಗಿದೆ. ಕಾಲುವೆಗೆ ಜಮೀನು ಹೋದಾಗ ಪರಿಹಾರ ಲೆಕ್ಕವಾಗುವುದು ದಾಖಲೆಯಲ್ಲಿರುವ ಎಕರೆ ಗುಂಟೆಯ ಮೇಲೆ. ಇದೇ ಸೀಮೆಯ ಅಬ್ಬಿನಹೊಳಲು ಬಳಿ ಪರಿಹಾರದ ತಕರಾರಿನಿಂದ ಕಾಮಗಾರಿ ವರ್ಷಗಟ್ಟಲೆ ನಿಂತದ್ದನ್ನು ಈ ಭಾಗದವರೆಲ್ಲ ಕಂಡಿದ್ದಾರೆ. ಅಲ್ಲಿನ ಮುಖ್ಯ ತಕರಾರು ದರದ್ದು, ನಿಜ. ಆದರೆ ದರ ಎಷ್ಟೇ ಇರಲಿ, ಪೋಡಿಯಾಗದ ಜಂಟಿ ಪಹಣಿ ಇರುವ ಕುಟುಂಬ ತನ್ನ ಪಾಲು ಇಷ್ಟೇ ಎಂದು ತೋರಿಸಲಾರದೆ ಅಣ್ಣತಮ್ಮಂದಿರ ನಡುವೆಯೇ ಸಿಕ್ಕಿಕೊಳ್ಳುತ್ತದೆ.

ತಂತ್ರಾಂಶದ ಅಂಕಿಯನ್ನು ಬಲ್ಲ ಮನುಷ್ಯರ ಮಾತಿಗಿಂತ ಮೇಲೆ ಕೂರಿಸಿದರೆ ಏನಾಗುತ್ತದೆ ಎಂಬುದಕ್ಕೆ ಬ್ರಿಟನ್ನಿನ ಅಂಚೆ ಸಂಸ್ಥೆ ದೊಡ್ಡ ಸಾಕ್ಷಿ. 1999ರಿಂದ ಅಲ್ಲಿನ ಅಂಚೆ ಕಚೇರಿಗಳಿಗೆ ಹೊರೈಜನ್ ಎಂಬ ಲೆಕ್ಕದ ತಂತ್ರಾಂಶ ಬಂತು. ಅದು ಇಲ್ಲದ ಕೊರತೆ ತೋರಿಸಿತು. ಊರಿನ ಸಣ್ಣ ಅಂಚೆ ಕಚೇರಿ ನಡೆಸುತ್ತಿದ್ದವರು ನಾವು ಹಣ ಮುಟ್ಟಿಲ್ಲ ಎಂದು ಗೋಗರೆದರೂ ಯಾರೂ ಕೇಳಲಿಲ್ಲ. 900ಕ್ಕೂ ಹೆಚ್ಚು ಜನರಿಗೆ ಶಿಕ್ಷೆಯಾಯಿತು, ಕೆಲವರು ಜೈಲಿಗೆ ಹೋದರು. 2024ರಲ್ಲಿ ಬ್ರಿಟಿಷ್ ಸಂಸತ್ತು ವಿಶೇಷ ಕಾನೂನನ್ನೇ ಮಾಡಿ ಆ ಶಿಕ್ಷೆಗಳನ್ನು ರದ್ದುಪಡಿಸಬೇಕಾಯಿತು.

ನಮ್ಮಲ್ಲಿ ಅದೇ 2024ರ ಸೆಪ್ಟೆಂಬರಿನಲ್ಲಿ ಗ್ರಾಮ ಆಡಳಿತ ಅಧಿಕಾರಿಗಳು ರಾಜ್ಯದಾದ್ಯಂತ ಮುಷ್ಕರಕ್ಕೆ ಇಳಿದರು. ಹತ್ತಾರು ಆ್ಯಪ್‌ಗಳಲ್ಲಿ ಕೆಲಸ ಮಾಡಬೇಕು, ಅದಕ್ಕೆ ತಕ್ಕ ಲ್ಯಾಪ್‌ಟಾಪು, ಮೊಬೈಲು, ಕೂರಲು ಜಾಗ ಕೊಟ್ಟಿಲ್ಲ ಎಂಬುದು ಅವರ ಅಳಲು. ನನ್ನ ಕಳವಳ ಅದಕ್ಕಿಂತ ಒಂದು ಹೆಜ್ಜೆ ಮುಂದಿನದು. ದಿನವೆಲ್ಲ ಆ್ಯಪ್‌ಗೆ ಮಾಹಿತಿ ತುಂಬುವ ಹೊಸ ಅಧಿಕಾರಿಗೆ ತನ್ನ ವೃತ್ತದ ಹೊಲಗಳ ಮೇಲೆ ನಡೆದಾಡಲು, ಊರಿನ ಹಳೆಯ ದಾಖಲೆ ಓದಲು ಸಮಯವೆಲ್ಲಿ?

ಸರ್ಟಿಫಿಕೇಟಿನ ಕಥೆಯೂ ಪಹಣಿಯ ಕಥೆಗಿಂತ ಬೇರೆಯಲ್ಲ. ರಾಜ್ಯದ ಎಸ್ಸೆಸ್ಸೆಲ್ಸಿ ಫಲಿತಾಂಶ 2021ರ ಕೊರೊನಾ ವರ್ಷದಲ್ಲಿ ಶೇ 99.9. 2023ರಲ್ಲಿ ಶೇ 83.89. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಬಂತು, ವೆಬ್‌ಕಾಸ್ಟಿಂಗ್ ಶುರುವಾಯಿತು. ಕೃಪಾಂಕವನ್ನು ಶೇ 10ರಿಂದ 20ಕ್ಕೆ ಏರಿಸಿದ ಮೇಲೂ ಫಲಿತಾಂಶ ಶೇ 73.40ಕ್ಕೆ ಇಳಿಯಿತು. ಹೆಚ್ಚುವರಿ ಕೃಪಾಂಕ ಕೈಬಿಟ್ಟ 2025ರಲ್ಲಿ ಶೇ 66.14. ಮಕ್ಕಳು ವರ್ಷದಿಂದ ವರ್ಷಕ್ಕೆ ದಡ್ಡರಾಗಲಿಲ್ಲ. ಹಿಂದಿನ ವರ್ಷಗಳ ಅಂಕಪಟ್ಟಿಯಲ್ಲಿ ಎಷ್ಟೋ ಭಾಗ ಕಲಿಕೆಯದಾಗಿರಲಿಲ್ಲ ಎಂಬುದನ್ನು ಕ್ಯಾಮೆರಾ ಬಯಲು ಮಾಡಿತು. ಅದು ಮಾಡಬಹುದಾದದ್ದು ಅಷ್ಟೇ. ಭಿನ್ನರಾಶಿ ಅರ್ಥವಾಗದ ಹುಡುಗಿಯ ಪಕ್ಕ ಕೂತು ಹೇಳಿಕೊಡಲು ಕ್ಯಾಮೆರಾಕ್ಕೆ ಬರುವುದಿಲ್ಲ.

2025ರಲ್ಲಿ ಹತ್ತನೇ ತರಗತಿ ಬರೆದವರು 2020–21ರಲ್ಲಿ ಆರನೇ ತರಗತಿಯಲ್ಲಿದ್ದರು. ಭಿನ್ನರಾಶಿ, ದಶಮಾಂಶ, ಅನುಪಾತ ಕೈಗೆ ಹತ್ತಬೇಕಾದ ವರ್ಷ ಅದು. ಆ ವರ್ಷದ ಬಹುಪಾಲು ಶಾಲೆ ಮುಚ್ಚಿತ್ತು, ಪಾಠ ಮೊಬೈಲಿನಲ್ಲೂ ಚಂದನ ವಾಹಿನಿಯಲ್ಲೂ ನಡೆಯಿತು. ಮೇಷ್ಟ್ರುಗಳು ದೇವಸ್ಥಾನದ ಜಗುಲಿ, ಮರದ ನೆರಳಿಗೆ ಹೋಗಿ ಕಲಿಸಿದ ವಿದ್ಯಾಗಮ 2020ರ ಆಗಸ್ಟಿನಲ್ಲಿ ಶುರುವಾಗಿ ಅಕ್ಟೋಬರಿನಲ್ಲಿ ನಿಂತಿತು. ಸೋಂಕಿನ ಭಯದಿಂದ ನಿಲ್ಲಿಸಿದ್ದು ಅನಿವಾರ್ಯವಾಗಿತ್ತು. ಆದರೆ ಆ ಎರಡು ತಿಂಗಳು ಎಷ್ಟೋ ಹಳ್ಳಿಯ ಮಕ್ಕಳಿಗೆ ಆ ವರ್ಷದ ನಿಜವಾದ ಶಾಲೆಯಾಗಿತ್ತು ಎಂದು ನಾನು ದೃಢವಾಗಿ ನಂಬಿದ್ದೇನೆ. ಕೈಬಿಟ್ಟುಹೋದ ಆರನೇ ತರಗತಿಯ ಗಣಿತವನ್ನು ಆಮೇಲಿನ ನಾಲ್ಕು ವರ್ಷಗಳಲ್ಲಿ ಸಾಕಷ್ಟು ಕೂರಿಸಿ ಕಲಿಸಲಿಲ್ಲ. ಈಗ ನಾವು ಉತ್ತೀರ್ಣತೆಯ ಅಂಕವನ್ನೇ ಶೇ 35ರಿಂದ 33ಕ್ಕೆ ಇಳಿಸಿದ್ದೇವೆ. ಇದರಿಂದ ಪಾಸಾದವರ ಸಂಖ್ಯೆ ಏರುತ್ತದೆ, ಕಲಿತವರ ಸಂಖ್ಯೆ ಇದ್ದಷ್ಟೇ ಇರುತ್ತದೆ.

ಅಂಕಪಟ್ಟಿಯೇ ಗುರಿಯಾದ ಮೇಲೆ ಅದನ್ನು ಕೊಳ್ಳುವ ದಾರಿಯೂ ಹುಟ್ಟುತ್ತದೆ. 2021ರ ಅಕ್ಟೋಬರಿನಲ್ಲಿ 545 ಪಿಎಸ್‌ಐ ಹುದ್ದೆಗಳಿಗೆ ನಡೆದ ಪರೀಕ್ಷೆಯಲ್ಲಿ ಒಎಂಆರ್ ಹಾಳೆಗಳನ್ನೇ ತಿದ್ದಿದ್ದು ಬಯಲಾಗಿ, ನೇಮಕಾತಿ ರದ್ದಾಗಿ, ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಪ್ರಾಮಾಣಿಕವಾಗಿ ಓದಿದ ಬಡವರ ಮಕ್ಕಳು ಆ ಎರಡೂಕಾಲು ವರ್ಷವನ್ನು ಕಳೆದುಕೊಂಡರು, ಅದನ್ನು ಯಾರೂ ಹಿಂದಿರುಗಿಸಲಾರರು. ಇನ್ನೊಂದೆಡೆ, ಪದವಿ ಮುಗಿಸಿ ಆರು ತಿಂಗಳಾದರೂ ಕೆಲಸ ಸಿಗದವರಿಗೆ ತಿಂಗಳಿಗೆ 3,000 ರೂಪಾಯಿ ಕೊಡುವ ಯುವನಿಧಿ ಬೇಕಾಗಿ ಬಂದಿದೆ.

ಇಲ್ಲಿ ಒಂದು ಬಲವಾದ ಆಕ್ಷೇಪವನ್ನು ಎದುರಿಸಲೇಬೇಕು. ಸರ್ಟಿಫಿಕೇಟು, ಪರೀಕ್ಷೆ, ಕಂಪ್ಯೂಟರು ಬರುವುದಕ್ಕೆ ಮುಂಚೆ ಈ ಕೌಶಲಗಳು ಯಾರ ಕೈಯಲ್ಲಿದ್ದವು? ಶಾನುಭೋಗಿಕೆ, ಪಟೇಲಿಕೆ ವಂಶಪಾರಂಪರ್ಯವಾಗಿದ್ದವು. ಲೆಕ್ಕ ಬರೆಯುವ ವಿದ್ಯೆ ಕೆಲವೇ ಮನೆಗಳ ಆಸ್ತಿಯಾಗಿತ್ತು, ಉಳಿದ ಊರು ಆ ಮನೆಯ ಮರ್ಜಿಯಲ್ಲಿ ಬದುಕಬೇಕಾಗಿತ್ತು. 1961ರ ಗ್ರಾಮಾಧಿಕಾರ ರದ್ದತಿ ಕಾಯ್ದೆ ಆ ಬಾಗಿಲು ಮುರಿಯಿತು. ದಲಿತರ, ಹಿಂದುಳಿದವರ ಮಕ್ಕಳು ಅಂಕಪಟ್ಟಿ ಹಿಡಿದೇ ಸರ್ಕಾರಿ ಕುರ್ಚಿಯಲ್ಲಿ ಕೂತರು. ಪಹಣಿ ಎಲ್ಲರ ಕಣ್ಣಿಗೆ ಬಿದ್ದದ್ದು ತಂತ್ರಾಂಶದಿಂದ. ಇವನ್ನು ಬಿಟ್ಟುಕೊಟ್ಟು ಹಿಂದಕ್ಕೆ ಹೋಗುವ ಮಾತೇ ಇಲ್ಲ.

ಆದರೆ ಬಾಗಿಲು ತೆರೆದ ಮೇಲೆ ಒಳಗಿನ ವಿದ್ಯೆಯನ್ನೂ ಹಂಚಬೇಕಾಗಿತ್ತು. ನಾವು ಕುರ್ಚಿ ಹಂಚಿದೆವು, ಪತ್ರ ಹಂಚಿದೆವು, ಲಾಗಿನ್ ಹಂಚಿದೆವು. ಟಿಪ್ಪಣಿ ಓದುವುದನ್ನು, ಖರಾಬು ಲೆಕ್ಕ ಹಾಕುವುದನ್ನು, ಹಳೆಯ ಮೋಡಿ ಬರಹವನ್ನು ಬಿಡಿಸುವುದನ್ನು ವರ್ಷಗಟ್ಟಲೆ ಜೊತೆಗಿದ್ದು ಕಲಿಸುವ ಏರ್ಪಾಡು ಮಾಡಲಿಲ್ಲ. ಇದರ ಪೆಟ್ಟು ಬೀಳುವುದು ಯಾರಿಗೆ? ಉಳ್ಳವರು ಖಾಸಗಿ ಸರ್ವೆಯರನ್ನೂ ವಕೀಲರನ್ನೂ ಕರೆಸಿಕೊಳ್ಳುತ್ತಾರೆ, ಮಗುವಿಗೆ ಮನೆಪಾಠ ಹೇಳಿಸುತ್ತಾರೆ. ಮಂಜೂರಾದ ಎರಡು ಎಕರೆಯ ಮಾಲೀಕರು, ಸರ್ಕಾರಿ ಶಾಲೆಯ ಮಗು, ಇವರಿಗೆ ಸರ್ಕಾರದ ಬಲ್ಲ ಮನುಷ್ಯರೇ ಗತಿ. ಈಗ ಕೃತಕ ಬುದ್ಧಿಮತ್ತೆಯ ಕಾಲ. ಮೊಬೈಲ್ ಪ್ರಬಂಧ ಬರೆದುಕೊಡುತ್ತದೆ, ಲೆಕ್ಕ ಬಿಡಿಸಿಕೊಡುತ್ತದೆ. ಉತ್ತರ ಸರಿಯೋ ತಪ್ಪೋ ಎಂದು ತೂಗಲು ಬೇಕಾದ ತಿಳಿವಳಿಕೆ ಇರುವ ಮಗುವಿಗೆ ಅದು ವರ, ಇಲ್ಲದ ಮಗು ಅದು ಹೇಳಿದ್ದನ್ನೇ ನಂಬಬೇಕು.

ಮಾಡಬಹುದಾದ ಕೆಲಸ ಕಣ್ಣೆದುರಿಗೇ ಇದೆ, ಅದಕ್ಕೆ ದೊಡ್ಡ ಟೆಂಡರೂ ಬೇಡ. ಟಿಪ್ಪಣಿ ಓದಬಲ್ಲ, ಸರಪಳಿ ಎಳೆದು ಪಳಗಿದ ಭೂಮಾಪಕರ ತಲೆಮಾರು ನಿವೃತ್ತಿಯಾಗುತ್ತಿದೆ. ಅವರಿಗೆ ಗೌರವಧನ ಕೊಟ್ಟು, ಹೊಸ ಪರವಾನಗಿ ಭೂಮಾಪಕರನ್ನೂ ಗ್ರಾಮ ಆಡಳಿತ ಅಧಿಕಾರಿಗಳನ್ನೂ ಅವರ ಜೊತೆ ಕನಿಷ್ಠ ಒಂದು ಬೇಸಿಗೆ ಹೊಲದಲ್ಲಿ ಕೆಲಸ ಮಾಡಿಸಬೇಕು. ದರಖಾಸ್ತು ಪೋಡಿ ಆಂದೋಲನ ನಡೆಯುತ್ತಿರುವಾಗಲೇ ಇದಾಗಬೇಕು, ಏಕೆಂದರೆ ಈಗ ಬರೆಯುವ ನಕ್ಷೆಯೇ ಮುಂದಿನ ನೂರು ವರ್ಷಕ್ಕೆ ದಾಖಲೆ. ಎಷ್ಟು ಅರ್ಜಿ ವಿಲೇವಾರಿಯಾಯಿತು ಎಂಬ ದಿನದ ಲೆಕ್ಕದ ಜೊತೆಗೆ, ಎಷ್ಟು ಅಳತೆ ಮರುಪರಿಶೀಲನೆಯಲ್ಲಿ ಸರಿಯಾಗಿ ನಿಂತಿತು ಎಂಬ ಲೆಕ್ಕವನ್ನೂ ಇಲಾಖೆ ಇಡಬೇಕು. ಪ್ರೌಢಶಾಲೆಯ ಎಂಟನೇ ತರಗತಿಯ ಮಕ್ಕಳಿಗೆ 33 ಅಡಿಯ ಹಗ್ಗ ಕೊಟ್ಟು ಶಾಲೆಯ ಮೈದಾನ ಅಳೆಸಲಿ, ಎಷ್ಟು ಗುಂಟೆ ಎಂದು ಅವರೇ ಲೆಕ್ಕ ಹಾಕಿ ಪಹಣಿಯ ಅಂಕಿಯೊಂದಿಗೆ ಹೋಲಿಸಲಿ. ವ್ಯತ್ಯಾಸ ಬಂದರೆ ಏಕೆ ಬಂತೆಂದು ಮೇಷ್ಟ್ರ ಜೊತೆ ಕೂತು ಚರ್ಚಿಸಲಿ. ಈ ಪಾಠವನ್ನು ಶಿವನಿಯಲ್ಲೇ ಮೊದಲು ಶುರುಮಾಡಲು ಶಿಕ್ಷಣ ಇಲಾಖೆಗೆ ಬೇಕಾಗುವುದು ಒಂದು ಸುತ್ತೋಲೆ, ಒಂದು ಹಗ್ಗ, ಕಲಿಸುವ ಮನಸ್ಸಿರುವ ಒಬ್ಬ ಗಣಿತದ ಮೇಷ್ಟ್ರು.